ಸವರಿದ ಹಳ್ಳ

ಆ ದಿನ ನಾವು ಹಳ್ಳ ಸವರಿದೆವು. ದೀಪಾವಳಿ ಕಳೆದು, ಮಳೆ ಪೂರ್ತಿ ನಿಂತು, ನೀರು ತಿಳಿಯಾದ ಮೇಲೆ ಒಂದು ದಿನ ನಮ್ಮ ಕೇರಿಯ ಎಲ್ಲ ಮನೆಯವರೂ ಕತ್ತಿ ಹಿಡಿದು ಹಳ್ಳಕ್ಕೆ ಇಳಿಯುವುದು ಅಜ್ಜನ ಕಾಲದಿಂದ ಬಂದ ವಾಡಿಕೆ. ಮಳೆಗಾಲವಿಡೀ ಬೆಳೆದು ನೀರಿನ ಮೇಲೆ ಬಾಗಿರುವ ವಾಟೆ ಬಿದಿರು, ಮುಳ್ಳೆಲೆಯ ಮುಂಡುಗ, ಪೊದೆ ಎಲ್ಲವನ್ನೂ ಎರಡೂ ದಡದಲ್ಲಿ ನೆಲಮಟ್ಟಕ್ಕೆ ಸವರುತ್ತೇವೆ. ಬಿದ್ದ ಕೊಂಬೆಗಳನ್ನು ಎಳೆದು ಹಾಕುತ್ತೇವೆ. ಕೊನೆಗೆ ಕಲ್ಲು, ಮಣ್ಣು, ಸೊಪ್ಪು ಒಟ್ಟಿ ಅಡ್ಡಲಾಗಿ ಒಂದು ಕಟ್ಟ ಹಾಕಿ ನೀರನ್ನು ಕಾಲುವೆಗೆ ತಿರುಗಿಸುತ್ತೇವೆ. ಇದಕ್ಕೆ ಕೂಲಿ ಇಲ್ಲ. ಇವತ್ತು ನನ್ನ ಪಾಲಿನ ಹಳ್ಳಕ್ಕೆ ನೀವು, ನಾಳೆ ನಿಮ್ಮ ಪಾಲಿಗೆ ನಾನು. ಮುಯ್ಯಾಳು ಎನ್ನುತ್ತೇವೆ.

ಹಳ್ಳ ಸವರದೆ ಬಿಟ್ಟ ಮನೆಯ ಬಗ್ಗೆ ಜನ ಒಳ್ಳೆಯ ಮಾತಾಡುತ್ತಿರಲಿಲ್ಲ. ಅಣ್ಣತಮ್ಮಂದಿರು ಜಗಳವಾಡಿ ಪಾಲಾದ ಮನೆಯೋ, ಕುಡಿತಕ್ಕೆ ಬಿದ್ದ ಮನೆಯೋ ಅಂದುಕೊಳ್ಳುತ್ತಿದ್ದರು. ಹೆಣ್ಣು ಕೇಳಲು ಬಂದವರು ಅಂಗಳ ನೋಡುವ ಮೊದಲು ಹಳ್ಳ ನೋಡುತ್ತಿದ್ದರು ಎಂದು ನನ್ನ ತಾಯಿ ಹೇಳುತ್ತಿದ್ದರು.

ಮಧ್ಯಾಹ್ನ ನನ್ನ ಹೆಂಡತಿ ಕಡುಬಿನ ಬುಟ್ಟಿ ಹೊತ್ತು ಬಂದಳು. ಪಕ್ಕದ ಮನೆಯವನು, ದಾಯಾದಿಯಲ್ಲಿ ನನಗೆ ತಮ್ಮನಾಗಬೇಕು, ಅವಳನ್ನು ಕಂಡದ್ದೇ ಕತ್ತಿ ಕೆಳಗಿಟ್ಟ.

"ಅತ್ತಿಗೆ, ಅಣ್ಣ ಹಳ್ಳ ಸವರ್ತಿದಾರೋ ಗಡ್ಡ ಕೆರೀತಿದಾರೋ? ಬೆಳಗ್ಗಿಂದ ಅದೇ ಜಾಗದಲ್ಲಿ ನಿಂತಿದಾರೆ."

"ಗಡ್ಡ ಕೆರೆಯೋಕೂ ಅವ್ರಿಗೆ ಮಧ್ಯಾಹ್ನ ಆಗ್ತದೆ ಮಾರಾಯ. ನೋಡಿ ನೋಡಿ ನಮ್ಮನೆ ಕನ್ನಡಿಗೇ ವಯಸ್ಸಾಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಮಾತು ಕಡಿಮೆಯವನು. ನಮ್ಮಿಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅದು ನನಗೆ ಹಿತವಾಗಿತ್ತು.

ಊಟ ಬಡಿಸಿ ಮುಗಿದ ಮೇಲೆ ಅವಳು ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದು ಕಲ್ಲು ಮಗುಚುತ್ತಾ ಏಡಿ ಹಿಡಿದಳು. ಸಂಜೆ ಕಟ್ಟ ತುಂಬಿ ನೀರು ಕಾಲುವೆಗೆ ತಿರುಗಿದಾಗ ಅದರಲ್ಲಿ ಕಾಲು ತೊಳೆದು, "ನಾಳೆ ಕಂಬಳಿಯೆಲ್ಲ ಇಲ್ಲೇ ತಂದು ತೊಳೀತೀನಿ" ಅಂದಳು. ವಿಶೇಷವಾದದ್ದೇನೂ ಆ ದಿನ ನಡೆಯಲಿಲ್ಲ. ರಾತ್ರಿ ಏಡಿ ಸಾರು ಉಂಡು ಮಲಗಿದೆವು.

ಮರುದಿನ ಕೊಪ್ಪದ ಕಡೆಯಿಂದ ಜೆಸಿಬಿಗಳು ಬಂದವು.

ರಸ್ತೆ ಅಗಲವಾಗುತ್ತದೆ ಎಂಬುದು ಹೊಸ ಸುದ್ದಿಯಾಗಿರಲಿಲ್ಲ. ಗೂಟಗಳನ್ನು ಮಳೆಗಾಲಕ್ಕೆ ಮೊದಲೇ ನೆಟ್ಟು ಹೋಗಿದ್ದರು. ದನಗಳು ಅದಕ್ಕೆ ಮೈ ಉಜ್ಜಿ ಕೆಲವನ್ನು ಬೀಳಿಸಿಯೂ ಇದ್ದವು. ಕೊಪ್ಪಕ್ಕೂ ಶೃಂಗೇರಿಗೂ ಓಡಾಡುವ ಬಸ್ಸುಗಳು ನಮ್ಮೂರ ತಿರುವಿನಲ್ಲಿ ಒಂದಕ್ಕೊಂದು ದಾರಿ ಬಿಡಲಾಗದೆ ನಿಲ್ಲುವುದನ್ನು ದಿನವೂ ನೋಡುತ್ತಿದ್ದ ನಮಗೆ ರಸ್ತೆ ಬೇಡವೆಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಆದರೆ ತಿರುವು ನೇರವಾಗಬೇಕಾದರೆ ಹಡ್ಲು ಹೋಗಬೇಕಾಗಿತ್ತು.

ನಮ್ಮ ಜಾಗ ಹೇಗಿದೆ ಎಂದು ಹೇಳಬೇಕು. ಮೇಲೆ ಕಾಡು. ಕಾಡಿನಿಂದ ಇಳಿದ ಹಳ್ಳ ನಮ್ಮ ಗದ್ದೆಗಳ ಪಕ್ಕ ಹರಿದು, ರಸ್ತೆಯನ್ನು ದಾಟಿ, ಕೆಳಗೆ ತುಂಗೆಗೆ ಸೇರುತ್ತದೆ. ರಸ್ತೆಯ ಹತ್ತಿರ ಅದು ಅಗಲವಾಗಿ ಹರಡಿಕೊಂಡು ಒಂದು ಜೌಗು ನೆಲವಾಗಿತ್ತು. ಬೇಸಿಗೆಯಲ್ಲೂ ಕಾಲು ಹೂಳುವಷ್ಟು ಒದ್ದೆ ಇರುವ ಇಂಥ ಜಾಗವನ್ನು ನಾವು ಹಡ್ಲು ಎನ್ನುತ್ತೇವೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಾದ ಕೂಡಲೇ ಹೊಳೆಯ ಮೀನು ಪ್ರವಾಹಕ್ಕೆ ಎದುರಾಗಿ ಹತ್ತಿ ಬಂದು, ಹಡ್ಲಿನಲ್ಲಿ ದಣಿವಾರಿಸಿಕೊಂಡು, ಅಲ್ಲಿಂದ ನಮ್ಮ ಗದ್ದೆಗಳಿಗೆ ಮೊಟ್ಟೆಯಿಡಲು ಬರುತ್ತಿತ್ತು. ಹೀಗೆ ಹತ್ತಿ ಬರುವ ಹತ್ತುಮೀನು ಎಂದರೆ ಮಲೆನಾಡಿನವರಿಗೆ ಬೇರೆ ವಿವರಣೆ ಬೇಕಿಲ್ಲ.

ನಮ್ಮ ಮನೆಯಲ್ಲಿ ಮೀನಿಗೆ ಕೂಣಿ ಇಡುತ್ತಿದ್ದದ್ದು ನನ್ನ ಹೆಂಡತಿ. ಬಿದಿರ ಸೀಳಿನಿಂದ ಹೆಣೆದ, ಬಾಯಿ ಅಗಲ, ಬಾಲ ಕಿರಿದಾದ ಬುಟ್ಟಿ ಅದು. ಗದ್ದೆ ಅಂಚಿನ ಕಂಡಿಯಲ್ಲಿ ಸಂಜೆ ಇಟ್ಟು ಬೆಳಗಿನ ಜಾವ ಹೋಗಿ ಎತ್ತಬೇಕು. ಎಲ್ಲ ಕಂಡಿಗೂ ಅವಳು ಇಡುತ್ತಿರಲಿಲ್ಲ. ಒಂದನ್ನು ಬಿಡುತ್ತಿದ್ದಳು. ಕೇಳಿದರೆ, "ಪೂರಾ ಬಾಗಿಲು ಹಾಕಿದ್ರೆ ನೆಂಟ್ರು ಮುಂದಿನ ವರ್ಷ ಬರ್ತಾರಾ?" ಎನ್ನುತ್ತಿದ್ದಳು. ಬೆಳಗ್ಗೆ ಕೊಡೆಯಿಲ್ಲದೆ ಮಳೆಯಲ್ಲಿ ನೆನೆಯುತ್ತಾ ಅಂಗಳಕ್ಕೆ ಬಂದು, ನಾನಿನ್ನೂ ಹಾಸಿಗೆಯಲ್ಲಿರುವಾಗಲೇ "ಹತ್ತಿದೆ ರೀ" ಎಂದು ಕೂಗುತ್ತಿದ್ದಳು.

ಹಡ್ಲಿಗೆ ಟಿಪ್ಪರುಗಟ್ಟಲೆ ಕೆಂಪು ಮಣ್ಣು ಬಿತ್ತು. ಹಳ್ಳವನ್ನು ಸಿಮೆಂಟ್ ಪೈಪಿನೊಳಗೆ ಕೂರಿಸಿ ಮೇಲೆ ಮೋರಿ ಕಟ್ಟಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲೊಂದು ಜೌಗು ಇತ್ತೆಂದು ಹೊಸಬರಿಗೆ ಹೇಳಿದರೆ ನಂಬುವಂತಿರಲಿಲ್ಲ.

ಮಳೆ ಬಿತ್ತು. ಅವಳು ಕೂಣಿ ಇಟ್ಟಳು. ಬೆಳಗ್ಗೆ ಎತ್ತಿದಾಗ ಒಂದು ಕಪ್ಪೆ, ಒಂದಿಷ್ಟು ಕಸ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವಳು ಮೀನನ್ನು ಹುಡುಕಿಕೊಂಡು ಕೆಳಗೆ ಹೋದಳು. ನಾನು ಹಿಂದೆ ಹೋದೆ. ಪೈಪಿನ ಕೆಳತುದಿ ಹಳ್ಳದ ನೀರಿನ ಮಟ್ಟಕ್ಕಿಂತ ಆಳೆತ್ತರ ಮೇಲಿತ್ತು. ನೀರು ಅಲ್ಲಿಂದ ಧುಮುಕಿ ಕೆಳಗೊಂದು ಗುಂಡಿ ತೋಡಿತ್ತು. ಆ ಗುಂಡಿಯ ತುಂಬ ಮೀನು. ಔಲು, ಮುರುಗೋಡು, ಹೆಸರು ಗೊತ್ತಿಲ್ಲದ ಬೆರಳುದ್ದದ ಬಿಳಿ ಮೀನು. ಹಾರುತ್ತಿದ್ದವು, ಸಿಮೆಂಟಿಗೆ ಬಡಿದು ಬೀಳುತ್ತಿದ್ದವು. ಆಗಲೇ ಊರಿನ ನಾಲ್ಕಾರು ಜನ ಬಲೆ, ಬುಟ್ಟಿ ತಂದು ಬಾಚುತ್ತಿದ್ದರು. ಇಷ್ಟು ಸುಲಭವಾಗಿ ಹತ್ತುಮೀನು ಸಿಕ್ಕಿದ್ದು ಅವರ ಜನ್ಮದಲ್ಲೇ ಇಲ್ಲ. ಅವರ ಖುಷಿಯನ್ನು ತಪ್ಪೆನ್ನಲಾರೆ.

ಅವಳು ಸ್ವಲ್ಪ ಹೊತ್ತು ನೋಡಿದಳು. ಮನೆಗೆ ಹೋಗಿ ತಾಮ್ರದ ಕೊಡ ತಂದಳು. ಮೀನನ್ನು ನೀರಿನ ಸಮೇತ ಕೊಡಕ್ಕೆ ತುಂಬಿಕೊಂಡು, ಸೊಂಟದಲ್ಲಿಟ್ಟುಕೊಂಡು, ಹೊಸ ರಸ್ತೆಯನ್ನು ದಾಟಿ ಮೇಲ್ಬದಿಯ ಹಳ್ಳಕ್ಕೆ ಸುರಿದು ಬಂದಳು. ಮತ್ತೆ ತುಂಬಿದಳು. ಶೃಂಗೇರಿಗೆ ಹೋಗುವ ಪ್ರವಾಸಿಗಳ ಗಾಡಿಯೊಂದು ಹಾರನ್ ಹೊಡೆದು ನಿಂತಿತು. ಅವಳು ಕೈ ಅಡ್ಡ ಹಿಡಿದು ನಿಧಾನಕ್ಕೆ ದಾಟಿದಳು.

ಪಕ್ಕದ ಮನೆಯವನು ಗುಂಡಿಯೊಳಗಿನಿಂದ ಕೂಗಿದ. "ಅತ್ತಿಗೆ, ಮೀನಿಗೆ ಟಿಕೆಟ್ ಮಾಡ್ಸಿದ್ರಾ?"

"ನಿಂಗೆ ಹಾಫ್ ಟಿಕೆಟ್ ಮಾಡಿಸ್ತೀನಿ, ಬಾ ಕೊಡಕ್ಕೆ."

ಅವಳು ಗೇಲಿಗೆ ಹಿಂದೆಗೆಯುವವಳಲ್ಲ. ಆದರೆ ಮನೆಗೆ ಬಂದು ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕೂತು ನನಗೆ ಹೇಳಿದ್ದು ಬೇರೆ. "ಹೊತ್ತು ತಂದ್ರೆ ಅದು ಹತ್ತುಮೀನಾಗ್ತದೆಯೇನ್ರೀ? ತಾನಾಗೇ ಹತ್ತಬೇಕು. ಒಂದೇ ಒಂದು ತಾನಾಗೇ ಹತ್ತಿ ನಮ್ಮ ಗದ್ದೆಗೆ ಬರ್ಲಿ, ಸಾಕು." ಅವಳ ಆಸೆ ಅಲ್ಲಿಂದ ಮುಂದೆ ಅದೊಂದೇ ಆಯಿತು. ಈಗ ಅದು ನನ್ನದು.

ಮುಂದಿನ ಬೇಸಿಗೆಯಲ್ಲಿ ಒಬ್ಬಳು ಹುಡುಗಿ ಬಂದಳು. ಬಯಲುಸೀಮೆಯವಳು. ತಲೆಗೆ ಟೋಪಿ, ಕಾಲಿಗೆ ರಬ್ಬರ್ ಬೂಟು. ರಸ್ತೆಗಾಗಿ ಹಾಳಾದ ಹಳ್ಳ, ಹಡ್ಲುಗಳ ಬದಲಿಗೆ ಅದೇ ಸುತ್ತಿನಲ್ಲಿ ಬೇರೆ ಹಳ್ಳ, ಹಡ್ಲು ಸರಿಪಡಿಸಿ ಕೊಡಬೇಕೆಂಬ ಷರತ್ತು ಕಾಮಗಾರಿಯಲ್ಲೇ ಇದೆಯಂತೆ. ಆ ಕೆಲಸ ನೋಡಿಕೊಳ್ಳುವವಳು ಇವಳು. ಊರಿನವರು ಅವಳನ್ನು ಹಳ್ಳದ ಮೇಡಂ ಎಂದು ಕರೆದರು. ಅವಳಿಗೆ ಆ ಹೆಸರು ಇಷ್ಟವಾಯಿತು.

"ಹಂಗಾದ್ರೆ ನಮ್ಮ ಮೀನಿಗೂ ಪರಿಹಾರ ಬಂತು ಅನ್ನಿ" ಎಂದು ನನ್ನ ಹೆಂಡತಿ ಅವಳಿಗೆ ಬೆಲ್ಲದ ಕಾಫಿ ಕೊಟ್ಟಳು.

ಮೇಡಂ ಕೇಳಿದ್ದು ಎರಡು. ರಸ್ತೆಗೆ ತಾಗಿದ ನಮ್ಮ ಕೆಳಗಿನ ಗದ್ದೆಯನ್ನು ಹಡ್ಲಾಗಲು ಬಿಡಬೇಕು. ಅದರ ಪಕ್ಕದಲ್ಲಿ ಹಗ್ಗ ಎಳೆದಂತೆ ನೇರವಾಗಿ ಹರಿಯುವ ಹಳ್ಳವನ್ನು ಮೊದಲಿನಂತೆ ಬಳುಕಿಸಬೇಕು. ಹಳ್ಳವನ್ನು ನೇರ ಮಾಡಿದ್ದು ನನ್ನಜ್ಜ. ಒಂದು ತುಂಡು ಗದ್ದೆ ಹೆಚ್ಚು ಸಿಗಲೆಂದು ಅವರು ಗುದ್ದಲಿಯಲ್ಲಿ ಅಗೆದು ತಿರುಗಿಸಿದ್ದರು. ಆಳು ಸಿಗದೆ ಆ ಗದ್ದೆ ಪಾಳು ಬಿದ್ದು ಎಷ್ಟೋ ವರ್ಷವಾಗಿತ್ತು, ಆದರೂ ನನಗೆ ಒಪ್ಪಿಗೆ ಬರಲಿಲ್ಲ. ಅಜ್ಜನ ಕೈಕೆಲಸ, ಬೇಡ ಅಂದೆ.

"ನಿಮ್ಮಜ್ಜ ಗದ್ದೆ ಮಾಡಿದ್ದು ಮನೆಯೋರು ಉಣ್ಲಿ ಅಂತ. ಈಗ ಅಲ್ಲಿ ಉಣ್ತಿರೋದು ಹಂದಿ ಮಾತ್ರ" ಅಂದಳು ನನ್ನ ಹೆಂಡತಿ. ನಾನು ಸುಮ್ಮನಿದ್ದೆ. ನನ್ನ ಮೌನ ಅವಳಿಗೆ ಅಭ್ಯಾಸ, ಅವಳ ಮೌನ ನನಗಲ್ಲ. ಅವಳೂ ಸುಮ್ಮನಾಗಿಬಿಟ್ಟಳು. ಚಹಾ ಲೋಟವನ್ನು ಸದ್ದಿಲ್ಲದೆ ಮುಂದಿಟ್ಟು ಹೋಗುವಳು. ಮೂರನೆಯ ಲೋಟಕ್ಕೆ ನಾನು ಸೋತೆ.

ಮೇಡಂ ಹೇಳಿದ ಉಳಿದ ಸಂಗತಿಗಳು ಅವಳಿಗೂ ಕಷ್ಟವಾದವು. ಮೋರಿಯ ಕೆಳಗೆ ಬಂಡೆಗಳನ್ನು ಮೆಟ್ಟಿಲಿನಂತೆ ಜೋಡಿಸಿ ನೀರು ಇಳಿಜಾರಾಗಿ ಹರಿಯುವ ಹಾಗೆ ಮಾಡಿದ್ದು ನಮಗೆ ಅರ್ಥವಾಯಿತು. ಮೇಲಿನ ಹಳ್ಳದೊಳಗೆ ಮರದ ದಿಮ್ಮಿಗಳನ್ನು ಬೇಕೆಂದೇ ಹೂತದ್ದು, ದಡದ ತುಂಬ ವಾಟೆ, ಮುಂಡುಗ, ಹೊಳೆಮತ್ತಿ, ನೇರಳೆ ನೆಡಲು ಹೊರಟದ್ದು ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ನಾವು ಕಡಿದು ಹಾಕುತ್ತಿದ್ದದ್ದನ್ನೇ ಮೇಡಂ ನೆಡುತ್ತಿದ್ದಳು.

"ಹಳ್ಳ ಸ್ವಲ್ಪ ಗಲೀಜಾಗಿರ್ಲಿ ಅಮ್ಮ. ನೆರಳಿದ್ರೆ ನೀರು ತಂಪಾಗಿರುತ್ತೆ. ಬೇರಿದ್ರೆ ದಡ ನಿಲ್ಲುತ್ತೆ. ದಿಮ್ಮಿ ಹಿಂದೆ ಮೀನು ಸುಧಾರಿಸ್ಕೊಳ್ಳುತ್ತೆ."

"ಗಲೀಜಾ? ನಮ್ಮತ್ತೆ ಇದ್ದಿದ್ರೆ ನಿಮ್ಮನ್ನ ಜಗಲಿ ಹತ್ತಿಸ್ತಿರ್ಲಿಲ್ಲ" ಅಂದಳು ಇವಳು. ಆದರೆ ಮೀನು ಎಂಬ ಮಾತು ಕಿವಿಗೆ ಬಿದ್ದ ಮೇಲೆ ವಾದ ಮಾಡಲಿಲ್ಲ.

ಸಸಿಗಳು ನರಸಿಂಹರಾಜಪುರದ ನರ್ಸರಿಯಲ್ಲಿದ್ದವು. ಅವಳ ತವರು ಆ ಕಡೆ. ಹಿರೇಕೊಡಿಗೆಯಿಂದ ಬಂದ ಪಿಕಪ್‌ನಲ್ಲಿ ಡ್ರೈವರ್ ಪಕ್ಕ ಕೂತು ಅವಳೇ ಹೋದಳು. ಭದ್ರಾ ಹಿನ್ನೀರು ತೀರ ಇಳಿದಿತ್ತಂತೆ. ಅಣೆಕಟ್ಟು ಬಂದಾಗ ಮುಳುಗಿದ ಅವಳಜ್ಜಿಯ ಗದ್ದೆಗಳ ಅಂಚು ಬಿಸಿಲಿಗೆ ಕಾಣುತ್ತಿತ್ತಂತೆ. "ಹಂಗೇ ಇದೆ ರೀ. ಇಷ್ಟು ವರ್ಷ ನೀರಿನಡಿ ಇದ್ರೂ ಕರಗಿಲ್ಲ. ಮೇಲೆ ನಡೆದುಕೊಂಡೇ ಹೋದೆ." ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸಸಿ ಇಳಿಸುವಾಗ ಬೇರು ಮುರಿದರೆಂದು ಡ್ರೈವರನನ್ನು ಬೈದಳು.

ಆ ಮಳೆಗಾಲವೆಲ್ಲ ಅವಳು ಕಂಬಳಿ ಗೊಪ್ಪೆ ಹಾಕಿಕೊಂಡು ದಡದಲ್ಲೇ ಇದ್ದಳು. ದೂರದಿಂದ ಕಂಡವರು ಏಡಿಗೆಂದು ಇಳಿದಿದ್ದಾಳೆ ಅಂದುಕೊಂಡರು. ಸಸಿಗಳನ್ನು ಸಾಲಿಗೆ ನೆಡುವುದು ಬೇಡ, ಕಾಡಿನಲ್ಲಿ ಇರುವ ಹಾಗೆ ಅಡ್ಡಾದಿಡ್ಡಿ ಇರಲಿ, ಗೂಟ ಕಟ್ಟುವುದೂ ಬೇಡ ಎಂದು ಮೇಡಂ ಹೇಳಿದ್ದಳು. ಹಾಗೆಯೇ ನೆಟ್ಟಳು. ದೀಪಾವಳಿಯ ಹೊತ್ತಿಗೆ ನೆಟ್ಟದ್ದು ಯಾವುದು, ತಾನಾಗಿ ಹುಟ್ಟಿದ್ದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಆ ಜೂನ್‌ನಲ್ಲಿ ಮೀನು ಹೊಸ ಬಂಡೆಮೆಟ್ಟಿಲ ತನಕ ಬಂದು ನಿಂತಿತು. ಕಲ್ಲಿನ ಸಂದುಗಳಿನ್ನೂ ಕೂತಿಲ್ಲ, ಒಂದೆರಡು ಮಳೆ ಹೋಗಲಿ ಎಂದಳು ಮೇಡಂ.

ಹಳ್ಳ ಸವರುವ ದಿನ ಬಂದಾಗ ನನ್ನ ಹೆಂಡತಿ ಮನೆಮನೆಗೆ ಹೋಗಿ, "ಈ ಸಲ ನಮ್ಮ ಪಾಲಿಂದು ನಾವೇ ನೋಡ್ಕೊಳ್ತೀವಿ" ಎಂದು ಹೇಳಿ ಬಂದಳು. ಬೇಕೆಂದೇ ಕಾಡು ಬೆಳೆಸುತ್ತಿದ್ದೇವೆ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. ಜೆಸಿಬಿ ಬಂದು ಹಳ್ಳ ಬಳುಕಿಸಿ ಹೋದ ಮೇಲೆ ಆಫೀಸಿನವರ ಕೆಲಸ ಮುಗಿಯಿತೆಂದೇ ಊರಿನವರು ತಿಳಿದಿದ್ದರು. ಇವರಿಗೆ ಕೈ ಬಿಡುವಿಲ್ಲ, ಆಮೇಲೆ ಸವರಿಕೊಳ್ಳುತ್ತಾರೆ ಅಂದುಕೊಂಡರು.

ಬೇಸಿಗೆಯ ಮೊದಲಲ್ಲಿ ಕೊಟ್ಟಿಗೆಗೆ ಹಾಸಲು ದರಗು, ಉದುರಿದ ಒಣ ಎಲೆ, ತರಲು ಅವಳು ಎಂದಿನಂತೆ ಕಾಡಿಗೆ ಹೋಗಿದ್ದಳು. ಆಮೇಲೆ ಜ್ವರ ಬಂತು. ಕಣ್ಣು ಕೆಂಪಾಯಿತು, ಸೊಂಟ ಹಿಡಿಯಿತು. ಮಂಗನ ಕಾಯಿಲೆ ಎಂದು ಕೊಪ್ಪದಲ್ಲಿ ಹೇಳಿ ಶಿವಮೊಗ್ಗಕ್ಕೆ ಕಳಿಸಿದರು. ದರಗಿನಲ್ಲಿರುವ ಉಣುಗು ಕಚ್ಚಿ ಬರುವ ಕಾಯಿಲೆ, ನಮ್ಮ ಮೂರು ತಾಲ್ಲೂಕಿನವರಿಗೂ ಗೊತ್ತು. ಎಷ್ಟೋ ಜನ ಹುಷಾರಾಗುತ್ತಾರೆ. ಅವಳಿಗೂ ನಡುವೆ ಜ್ವರ ಬಿಟ್ಟಿತು. ಎದ್ದು ಕೂತು ಗಂಜಿ ಕುಡಿದಳು. ಮಗಳ ಜಡೆ ನೋಡಿ, "ಎಂತ ಕೂಸೇ, ಬಾಚಣಿಗೆ ಮಾರಿಬಿಟ್ಟೆಯಾ?" ಎಂದು ತಮಾಷೆ ಮಾಡಿದಳು. ಮಗಳು ಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಅಂಗಡಿ ಮುಚ್ಚಿ ಬಂದು ತಾಯಿಯ ಹತ್ತಿರವೇ ಇದ್ದಳು.

ಆ ಸಂಜೆ ಅವಳು ನನ್ನನ್ನು ಹತ್ತಿರ ಕರೆದಳು. "ಮಳೆ ಹಿಡಿದ ಕೂಡ್ಲೆ ಮೋರಿ ಹತ್ರ ಹೋಗಿ ನೋಡ್ಬೇಕು. ಒಂದಾದ್ರೂ ಮೇಲೆ ಹತ್ತಿದ್ರೆ ನಂಗೆ ಬಂದು ಹೇಳ್ಬೇಕು."

"ನೀನೇ ಇರ್ತೀಯಲ್ಲ ಮಾರಾಯ್ತಿ" ಅಂದೆ.

"ಇದ್ರೂ ನೀವೇ ಹೇಳ್ಬೇಕು. ಇಷ್ಟು ವರ್ಷ ನಾನೇ ಕೂಗಿದ್ದು. ಒಂದು ಸಲ ನೀವು ಕೂಗಿ."

ಮತ್ತೆ ಜ್ವರ ಬಂತು. ಹೋದಳು.

ಬೂದಿಯನ್ನು ಶೃಂಗೇರಿಯಲ್ಲಿ, ಪೇಟೆಯಿಂದ ಸ್ವಲ್ಪ ಕೆಳಗೆ ತುಂಗೆಯಲ್ಲಿ ಬಿಟ್ಟೆವು. ನಾನು, ಮಗಳು, ಅಳಿಯ. ಬಸ್ಸಿಗೆ ಹೊತ್ತಿತ್ತು. ಮಗಳು ಮಠದ ಘಟ್ಟದ ಹತ್ತಿರ ಮಂಡಕ್ಕಿ ಕೊಂಡು ದೇವರ ಮೀನುಗಳಿಗೆ ಹಾಕಿದಳು. ತೊಡೆಗಾತ್ರದ ಮೀನುಗಳು, ಯಾರೂ ಮುಟ್ಟುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅಲ್ಲಿ ಕೂತಿದ್ದಾಗ ಅವಳು ನನ್ನನ್ನು ಮೊಣಕೈಯಿಂದ ತಿವಿದು, "ಸಾರಿನ ಕಣ್ಣಲ್ಲಿ ನೋಡ್ಬೇಡಿ, ಭಕ್ತಿಯಿಂದ ನೋಡಿ" ಅಂದಿದ್ದಳು. ಅದನ್ನು ಮಗಳಿಗೆ ಹೇಳಿದೆ. ಅವಳು ನಕ್ಕು, ಹಾಗೆಯೇ ಅತ್ತಳು.

ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಬಂದು ಇಳಿದೆವು. ಮೋರಿಯ ಹತ್ತಿರ ನಿಂತು ಮೇಲೆ ನೋಡಿದರೆ ಹಳ್ಳ ಇಡೀ ಕಾಣುತ್ತಿತ್ತು. ತಿರುವು ತಿರುವೂ, ಕಲ್ಲು ಕಲ್ಲೂ. ಎರಡೂ ದಡ ಬೋಳು. ಕೆಳಗಿನ ಗದ್ದೆಯಿಂದ ಮನೆಯ ತನಕ ಒಂದು ವಾಟೆಯಿಲ್ಲ, ಒಂದು ಮುಂಡುಗವಿಲ್ಲ, ಒಂದು ಸಸಿಯಿಲ್ಲ. ದಿಮ್ಮಿಗಳನ್ನು ಕಿತ್ತು ಮೇಲೆ ಒಟ್ಟಿದ್ದರು. ಕಡಿದ ಸೊಪ್ಪಿನ ಹಸಿ ವಾಸನೆ ರಸ್ತೆಯ ತನಕ ಬರುತ್ತಿತ್ತು.

ಪಕ್ಕದ ಮನೆಯವನು ಮುಂಡುಗದ ಮುಳ್ಳು ಗೀರಿದ ಕೈಗಳನ್ನು ಲುಂಗಿಗೆ ಒರೆಸುತ್ತಾ ಬಂದ. ಇಡೀ ಕೇರಿಯ ಜನ ಅವನ ಹಿಂದೆ. ಹೆಂಗಸರೂ ಕತ್ತಿ ಹಿಡಿದಿದ್ದರು. ಬೆಳಗ್ಗೆ ನಾವು ಬಸ್ಸು ಹತ್ತಿದ ಮೇಲೆ ಶುರು ಮಾಡಿ ಒಂದೇ ಸಮನೆ ಸವರಿದ್ದರು.

"ತಿಥಿಗೆ ಭಂಡಿಗಡಿ ನೆಂಟ್ರೆಲ್ಲ ಬರ್ತಾರಲ್ಲ ಅಣ್ಣ" ಅಂದ. "ಅತ್ತಿಗೆ ಇರೋವಾಗ ಹಳ್ಳ ಹೆಂಗಿಟ್ಟಿದ್ರು. ಅವ್ರು ಹೋದ ಕೂಡ್ಲೆ ಕಾಡು ಬಿತ್ತು ಅಂತ ಯಾರೂ ಅನ್ಬಾರ್ದು. ಹುಷಾರಿಲ್ದೆ ಅವ್ರಿಗೆ ಆಗ್ಲಿಲ್ಲ, ನಾವಾದ್ರೂ ಮಾಡ್ಬೇಕಲ್ಲ." ಹಳ್ಳದ ಕಡೆ ಕೈ ತೋರಿಸಿದ. "ನೋಡಿ, ಕನ್ನಡಿ ಹಂಗಾಗಿದೆ."

ನೀರು ನಿಜಕ್ಕೂ ಕನ್ನಡಿಯ ಹಾಗಿತ್ತು. ಮಗಳು ನನ್ನ ತೋಳು ಹಿಡಿದುಕೊಂಡಳು. ಅವಳಿಗೆ ಗೊತ್ತಿತ್ತು. ಯಾರಾದರೂ ಏನಾದರೂ ಹೇಳಬೇಕಿತ್ತು. ಹೇಳುವವಳು ಇರಲಿಲ್ಲ.

"ಚೆನ್ನಾಗಾಯ್ತು" ಅಂದೆ. "ಎಲ್ಲ ಒಳಗೆ ಬನ್ನಿ."

ಮಗಳು ಚಹಾ ಮಾಡಿದಳು. ಅವರು ಜಗಲಿಯಲ್ಲಿ ಕೂತು ನನ್ನ ಹೆಂಡತಿಯ ಮಾತುಗಳನ್ನೇ ನೆನೆಸಿಕೊಂಡು ನಕ್ಕರು, ಕೊಡದ ಸಂಗತಿ, ಟಿಕೆಟಿನ ಸಂಗತಿ. ಆ ಚಹಾ ಕುಡಿದಷ್ಟು ಹೊತ್ತು ಅವಳು ಒಳಗೆ ಇದ್ದ ಹಾಗೇ ಇತ್ತು. ತಿಥಿಗೆ ಬಂದ ನೆಂಟರೂ ಹಳ್ಳ ನೋಡಿ ಮೆಚ್ಚಿಕೊಂಡರು.

ಮೇಡಂ ವಾರ ಕಳೆದು ಬಂದಳು. ರಜೆಯಲ್ಲಿ ಊರಿಗೆ ಹೋಗಿದ್ದ ಅವಳಿಗೆ ಸಾವಿನ ಸುದ್ದಿ ತಡವಾಗಿ ತಿಳಿದಿತ್ತು. ಮಾತಾಡಿಸಲು ಬಂದವಳು ದಡದಲ್ಲಿ ಇಳಿದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಹೀಗೀಗಾಯಿತು, ಕೇರಿಯವರು ನನ್ನ ಹೆಂಡತಿಯ ಮೇಲಿನ ಪ್ರೀತಿಗೆ ಮಾಡಿದ್ದು ಎಂದೆ. ಅವಳು ಬಗ್ಗಿ ಕಡಿದ ಮುಂಡುಗದ ಬುಡಗಳನ್ನು ಮುಟ್ಟಿ ನೋಡಿದಳು.

"ಬುಡ ಬಿಟ್ಟಿದಾರೆ, ಚಿಗುರುತ್ತೆ" ಅಂದಳು. "ಆದ್ರೆ ಮತ್ತೆ ಸವರದ ಹಾಗೆ ನೋಡ್ಕೋಬೇಕು ಅಂಕಲ್. ಅವ್ರಿಗೆ ಹೇಳ್ತೀರಾ?"

ಏನೆಂದು ಹೇಳಲಿ? ನನ್ನ ಹೆಂಡತಿಗೆಂದು ಒಂದು ದಿನದ ಕೆಲಸ ಬಿಟ್ಟು ಕೈ ಸೀಳಿಕೊಂಡವರಿಗೆ, ನೀವು ಅವಳ ಕೈಯ ಗಿಡಗಳನ್ನೇ ಕಡಿದಿರಿ ಎನ್ನಲೇ?

ಮಳೆ ಬಂತು. ಬೇರಿನ ಹಿಡಿತವಿಲ್ಲದ ದಡ ಎರಡು ತಿರುವುಗಳಲ್ಲಿ ಕುಸಿಯಿತು. ಮಣ್ಣೆಲ್ಲ ಕೊಚ್ಚಿಕೊಂಡು ಮೋರಿಯ ಮೂಲಕ ಹೋಗಿ ಬಂಡೆಮೆಟ್ಟಿಲ ಸಂದುಗಳಲ್ಲಿ ತುಂಬಿತು. ನಾನು ದಿನವೂ ಬೆಳಗ್ಗೆ ಕೊಡೆ ಹಿಡಿದು ಹೋಗಿ ನಿಂತೆ. ಕೆಳಗೆ ಮೀನು ಬಂದಿತ್ತು. ಮೇಲೆ ಬರಲು ದಾರಿ ಇರಲಿಲ್ಲ. ನೀರು ಇಳಿದ ಮೇಲೆ ಮೇಡಂ ಆಳುಗಳನ್ನು ಕರೆತಂದು ಹೂಳು ತೆಗೆಸಿದಳು.

ಆ ವರ್ಷ ದೀಪಾವಳಿ ಕಳೆದು ಕೇರಿಯವರು ದಿನ ಗೊತ್ತು ಮಾಡಲು ಬಂದರು. ವಾಟೆ ಚಿಗುರಿ ಮೊಣಕಾಲೆತ್ತರ ಬಂದಿತ್ತು. ಮುಂಡುಗ ಸುರುಳಿ ಬಿಚ್ಚುತ್ತಿತ್ತು.

"ಈ ವರ್ಷ ನಮ್ಮ ಪಾಲು ಸವರೋದು ಬೇಡ" ಅಂದೆ.

ಪಕ್ಕದ ಮನೆಯವನು ನನ್ನ ಮುಖ ನೋಡಿದ. ಮುಯ್ಯಾಳನ್ನು ಬೇಡವೆನ್ನುವುದು ಜಗಳಕ್ಕೆ ಕರೆದ ಹಾಗೆ. ಅವನು ದನಿ ತಗ್ಗಿಸಿದ.

"ಅತ್ತಿಗೆ ಇಲ್ಲ ಅಂತಲಾ ಅಣ್ಣ?"

"ಹೂಂ."

"ವರ್ಷಾಂತ ಆಗೋವರೆಗೆ ಮುಟ್ಟೋದು ಬೇಡ ಹಂಗಾದ್ರೆ" ಎಂದ. ಉಳಿದವರೂ ತಲೆಯಾಡಿಸಿದರು. ಹೆಂಡತಿ ಹೋದವನು ಗಡ್ಡ ಬಿಡುವ ಹಾಗೆ ಇವನು ಹಳ್ಳ ಬಿಟ್ಟಿದ್ದಾನೆ ಎಂದು ಅವರು ತಿಳಿದರು. ನಾನು ತಿದ್ದಲಿಲ್ಲ. ಪೂರ್ತಿ ಸುಳ್ಳೂ ಅಲ್ಲ ಅದು. ಆಮೇಲೆ ಯಾರೂ ನಮ್ಮ ಪಾಲಿನ ಹಳ್ಳದಲ್ಲಿ ಒಂದು ಕಡ್ಡಿ ಮುರಿಯಲಿಲ್ಲ. ದನವನ್ನೂ ಆಚೆ ಹೊಡೆದುಕೊಂಡು ಹೋದರು. ಹಳ್ಳ ದಟ್ಟವಾಗುತ್ತಾ ಹೋದಂತೆ ನನ್ನನ್ನು ನೋಡಿ ಮರುಗುವವರು ಹೆಚ್ಚಾದರು.

ವರ್ಷಾಂತ ಕಳೆಯಿತು. ಈಗ ದಡದ ಕೆಳಗೆ ನೀರು ಕಾಣುವುದಿಲ್ಲ, ಕೇಳುತ್ತದೆ. ಕೆಳಗಿನ ಗದ್ದೆಯಲ್ಲಿ ಕಾಲಿಟ್ಟರೆ ಹೂಳುತ್ತದೆ. ಸಂಜೆ ಕಪ್ಪೆಗಳ ಸದ್ದು ಜಗಲಿಗೆ ಬರುತ್ತದೆ. ಮೇಡಂ ಬಂದಾಗಲೆಲ್ಲ ಫೋಟೊ ತೆಗೆಯುತ್ತಾಳೆ, ಖುಷಿಯಿಂದ ತೋರಿಸುತ್ತಾಳೆ. ನಾನೂ ನೋಡುತ್ತೇನೆ. ಚೆನ್ನಾಗಿದೆ. ಇದನ್ನೆಲ್ಲ ಯಾರಿಗೆ ತೋರಿಸಬೇಕಿತ್ತೋ ಅವಳು ಏನು ಅನ್ನುತ್ತಿದ್ದಳು ಎಂದು ಊಹಿಸಲು ನೋಡುತ್ತೇನೆ. ಎಷ್ಟು ಪ್ರಯತ್ನಪಟ್ಟರೂ ಅವಳ ತಮಾಷೆಯನ್ನು ನಾನು ಮಾಡಲಾರೆ. ಅದು ಅವಳ ಬಾಯಿಗೇ ಬರಬೇಕಿತ್ತು.

ಈ ಜೂನ್‌ನಲ್ಲಿ ಮೊದಲ ಮಳೆಯ ಮರುದಿನ ಬೆಳಗ್ಗೆ ಮೋರಿಯ ಹತ್ತಿರ ಹೋದಾಗ ಪಕ್ಕದ ಮನೆಯವನು ನನಗಿಂತ ಮೊದಲೇ ಬಂದು ನಿಂತಿದ್ದ. ಕೈಯಲ್ಲಿ ಬಲೆ ಇರಲಿಲ್ಲ.

"ಮೇಡಂ ಹತ್ರ ಕೇಳ್ದೆ ಅಣ್ಣ" ಅಂದ, ನನ್ನ ಕಡೆ ನೋಡದೆ. "ಅವತ್ತು ನಾವು ಕಡಿದಿದ್ದು ಅತ್ತಿಗೆ ನೆಟ್ಟಿದ್ದಂತೆ. ನೀವಾದ್ರೂ ಒಂದು ಮಾತು ಬೈಬಾರ್ದಿತ್ತಾ?"

"ಬೈಯೋದೆಲ್ಲ ಅವಳದ್ದಲ್ವನೋ, ನಂಗೆಲ್ಲಿ ಬರ್ತದೆ."

ಅವನು ನಗಲು ಹೋಗಿ ಮುಖ ಆಚೆ ತಿರುಗಿಸಿದ. "ಅವ್ರು ಬೈದಿದ್ರೆ ಮೂರು ದಿನ ಊಟ ಸೇರ್ತಿರ್ಲಿಲ್ಲ ಮಾರಾಯ್ರೆ" ಎಂದ.

ಇಬ್ಬರೂ ಕೆಳಗೆ ನೋಡುತ್ತಾ ನಿಂತೆವು. ಮಳೆ ಸಣ್ಣಗೆ ಹಿಡಿದಿತ್ತು. ಮೀನು ಬಂದಿತ್ತು. ಬಂಡೆಯ ಮೊದಲ ಮೆಟ್ಟಿಲು ಹತ್ತಿ, ಕಲ್ಲಿನ ಹಿಂದೆ ತಂಗಿ, ಎರಡನೆಯದಕ್ಕೆ ಹಾರಿದವು. ಅವನು ನನ್ನ ತೋಳು ಅದುಮಿ ಹಿಡಿದ. ಒಂದು ಮುರುಗೋಡು ಪೈಪಿನ ಬಾಯಿಯ ತನಕ ಹೋಗಿ ಒಳಗೆ ಮರೆಯಾಯಿತು. ನಾವು ರಸ್ತೆ ದಾಟಿ ಮೇಲ್ಬದಿಗೆ ಓಡಿ, ಪೈಪಿನ ಇನ್ನೊಂದು ಬಾಯಿಯ ಮುಂದೆ ಕೂತೆವು. ಬಹಳ ಹೊತ್ತು ಕೂತೆವು. ಅದು ಹೊರಗೆ ಬರಲಿಲ್ಲ. ಒಳಗಿನ ಕತ್ತಲೆಗೆ ಹೆದರಿ ತಿರುಗಿ ಹೋಗಿರಬಹುದು, ಪೈಪು ತೆಗೆದು ಅಗಲದ ಮೋರಿ ಕಟ್ಟುವಂತೆ ಮೇಲಿನ ಆಫೀಸಿಗೆ ಬರೆದಿದ್ದೇನೆ ಎಂದಳು ಆಮೇಲೆ ಬಂದ ಮೇಡಂ.

ಆಮೇಲೂ ಮಳೆ ಹಿಡಿದ ದಿನಗಳಲ್ಲೆಲ್ಲ ಇಬ್ಬರೂ ಹೋದೆವು. ಕೆಲವು ದಿನ ಬೆಳಗ್ಗೆ ಮಗಳೂ ಬಂದಳು. ಗದ್ದೆ ಅಂಚಿನ ಕಂಡಿಗಳನ್ನು ಪೂರ್ತಿ ತೆರೆದಿಟ್ಟಿದ್ದೇನೆ, ಕೂಣಿ ಇಟ್ಟಿಲ್ಲ.

ಈಗ ಮಳೆ ಹಿಂದಾಗಿದೆ, ಹತ್ತುಮೀನಿನ ಕಾಲ ಈ ವರ್ಷದ ಮಟ್ಟಿಗೆ ಮುಗಿಯಿತು. ರಸ್ತೆಯ ಮೇಲ್ಬದಿಗೆ ಇನ್ನೂ ಒಂದು ಮೀನೂ ಹತ್ತಿಲ್ಲ.